ಬಿ.ಪಿ. ಮಾತ್ರೆ ತಿಂದರೂ ಕಾಲು ಯಾಕೆ ಸೋಲುವುದಿಲ್ಲ? ಮಾಂಸಖಂಡದ ಕ್ಯಾಲ್ಸಿಯಂ ಚಾನೆಲ್‌ಗಳ ಕಥೆ

ಮನೆಯಲ್ಲಿ ಬಿ.ಪಿ. ಇರುವವರು ಒಬ್ಬರಿದ್ದರೂ ಅಮ್ಲೋಡಿಪಿನ್ ಮಾತ್ರೆಯ ಹೆಸರು ಗೊತ್ತಿರುತ್ತದೆ. ಅದು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್. ಜೀವಕೋಶದೊಳಗೆ ಕ್ಯಾಲ್ಸಿಯಂ ಬರುವ ದಾರಿಯನ್ನು ಕಟ್ಟುವುದು ಅದರ ಕೆಲಸ. ರಕ್ತನಾಳದ ಗೋಡೆಯಲ್ಲಿರುವ ಸ್ನಾಯುವಿಗೆ ಕ್ಯಾಲ್ಸಿಯಂ ಕಡಿಮೆಯಾದರೆ ಅದು ಬಿಗಿಯಲಾರದು. ನಾಳ ಸಡಿಲವಾಗುತ್ತದೆ, ಒತ್ತಡ ಇಳಿಯುತ್ತದೆ.

ಇಷ್ಟು ಸರಳ. ಆದರೆ ಒಂದು ತೊಡಕಿದೆ. ಅಮ್ಲೋಡಿಪಿನ್ ಡೈಹೈಡ್ರೋಪಿರಿಡಿನ್ ಎಂಬ ಗುಂಪಿಗೆ ಸೇರಿದ್ದು. ಈ ಗುಂಪಿನ ಔಷಧ ದೇಹದ ಯಾವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ ಎಂದು 1980ರ ದಶಕದಲ್ಲಿ ಹುಡುಕಿದಾಗ, ಅದು ರಾಶಿ ರಾಶಿಯಾಗಿ ಸಿಕ್ಕಿದ್ದು ರಕ್ತನಾಳದಲ್ಲಿ ಅಲ್ಲ, ಹೃದಯದಲ್ಲೂ ಅಲ್ಲ. ಮೊಲದ ಮಾಂಸಖಂಡದಲ್ಲಿ! ಅಂದರೆ ನಾವು ನಡೆಯಲು, ಭಾರ ಎತ್ತಲು ಬಳಸುವಂಥ ಸ್ನಾಯುವಿನಲ್ಲಿ. ಹಾಗಿದ್ದರೆ ದಿನಾ ಈ ಮಾತ್ರೆ ನುಂಗುವವರ ಕೈಕಾಲು ಸೋಲಬೇಕಿತ್ತು, ಅಲ್ವಾ? ಸೋಲುವುದಿಲ್ಲ. ಕೆಲವರಿಗೆ ಪಾದ ಊದಿಕೊಳ್ಳುತ್ತದೆ, ಅದರ ಕಾರಣ ಬೇರೆ. ಮೆಟ್ಟಿಲು ಹತ್ತುವ ಬಲ ಮಾತ್ರ ಹಾಗೇ ಇರುತ್ತದೆ.

ಯಾಕೆ ಎಂದು ಅರ್ಥವಾದರೆ ಮಾಂಸಖಂಡದ ಹಲವು ವಿಚಿತ್ರ ಕಾಯಿಲೆಗಳು ಕೂಡ ಅರ್ಥವಾಗುತ್ತವೆ.

ಮೊದಲು ಕ್ಯಾಲ್ಸಿಯಂ ಅಲ್ಲಿ ಏನು ಮಾಡುತ್ತದೆ ನೋಡೋಣ. 1880ರ ಆಸುಪಾಸಿನಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಪ್ರಯೋಗ ಮಾಡುತ್ತಿದ್ದರು. ಅದು ಚೆನ್ನಾಗಿ ಬಡಿಯುತ್ತಿತ್ತು. ಆಮೇಲೆ ತಿಳಿಯಿತು, ಉಪ್ಪುನೀರು ಮಾಡಲು ಬಳಸಿದ್ದು ಶುದ್ಧ ನೀರಲ್ಲ, ನಲ್ಲಿ ನೀರು ಎಂದು. ಬಟ್ಟಿ ಇಳಿಸಿದ ನೀರು ಬಳಸಿದರೆ ಹೃದಯದ ಬಡಿತ ಸೊರಗಿ ನಿಲ್ಲುತ್ತಿತ್ತು. ಚೂರು ಕ್ಯಾಲ್ಸಿಯಂ ಹಾಕಿದರೆ ಮತ್ತೆ ಶುರು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅಷ್ಟು ದಿನ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಇಂದು ಆಸ್ಪತ್ರೆಗಳಲ್ಲಿ ‘ಆರ್.ಎಲ್. ಹಾಕಿ’ ಎನ್ನುತ್ತಾರಲ್ಲ, ಆ ‘ಆರ್’ ಇದೇ ರಿಂಗರ್.

ಸ್ನಾಯುವಿನ ಎಳೆಯೊಳಗೆ ಎರಡು ಬಗೆಯ ತಂತುಗಳಿವೆ, ಆಕ್ಟಿನ್ ಮತ್ತು ಮಯೋಸಿನ್. ಮಯೋಸಿನ್ ಆಕ್ಟಿನ್ನನ್ನು ಹಿಡಿದು ಜಗ್ಗಿದರೆ ಸ್ನಾಯು ಕುಗ್ಗುತ್ತದೆ. ಸುಮ್ಮನಿರುವಾಗ ಆಕ್ಟಿನ್ ಮೇಲೆ ಹಿಡಿಯುವ ಜಾಗ ಮುಚ್ಚಿರುತ್ತದೆ. ಟ್ರೊಪೋನಿನ್ ಎಂಬ ಪ್ರೋಟೀನಿಗೆ ಕ್ಯಾಲ್ಸಿಯಂ ಅಂಟಿಕೊಂಡಾಗ ಆ ಜಾಗ ತೆರೆಯುತ್ತದೆ. ಇದನ್ನು 1960ರ ದಶಕದಲ್ಲಿ ತೋರಿಸಿಕೊಟ್ಟವರು ಜಪಾನಿನ ಸೆತ್ಸುರೊ ಎಬಾಶಿ. ಹಾಗಾಗಿ ಕ್ಯಾಲ್ಸಿಯಂ ಬಂದರೆ ಬಿಗಿತ, ಹೋದರೆ ಸಡಿಲ. ಸುಮ್ಮನಿರುವ ಸ್ನಾಯುಕೋಶದ ಒಳಗಿನ ದ್ರವದಲ್ಲಿ ಓಡಾಡುವ ಕ್ಯಾಲ್ಸಿಯಂ ಹೊರಗಿರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಇಷ್ಟು ವ್ಯತ್ಯಾಸ ಇರುವುದರಿಂದಲೇ ಒಂದು ಚಾನೆಲ್ ಕೆಲವೇ ಮಿಲಿಸೆಕೆಂಡು ತೆರೆದರೂ ಸಾಕು, ಕೆಲಸ ಆಗುತ್ತದೆ.

ಪ್ರಶ್ನೆ ಏನೆಂದರೆ, ಆ ಕ್ಯಾಲ್ಸಿಯಂ ಬರುವುದು ಎಲ್ಲಿಂದ?

ಹೃದಯದಲ್ಲಿ ಮೊದಲ ಕಂತು ಹೊರಗಿನಿಂದಲೇ ಬರಬೇಕು. ಮಾಂಸಖಂಡದಲ್ಲಿ ಹಾಗಲ್ಲ. ಅದರ ಪ್ರತಿ ಎಳೆಯೊಳಗೆ ಕ್ಯಾಲ್ಸಿಯಂ ತುಂಬಿಟ್ಟ ಚೀಲದಂಥ ಜಾಲ ಇರುತ್ತದೆ. ಸಾರ್ಕೊಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬುದು ಅದರ ಹೆಸರು. ನಾಲಿಗೆ ತಿರುಗಲು ಕಷ್ಟ, ಹಾಗಾಗಿ ಅದನ್ನು ಒಂದು ಕೆರೆ ಎಂದುಕೊಳ್ಳೋಣ. ಆ ಕೆರೆಗೆ ಒಂದು ತೂಬು ಇದೆ, ಅದೂ ಒಂದು ಕ್ಯಾಲ್ಸಿಯಂ ಚಾನೆಲ್. ಹೆಸರು ರಯನೊಡಿನ್ ರಿಸೆಪ್ಟರ್, ಚಿಕ್ಕದಾಗಿ ಆರ್‌ವೈಆರ್-1. ತೂಬು ಎತ್ತಿದರೆ ಕ್ಯಾಲ್ಸಿಯಂ ಎಳೆಯ ತುಂಬಾ ಹರಿಯುತ್ತದೆ. ಕೆಲಸ ಮುಗಿದ ಮೇಲೆ ಸರ್ಕಾ ಎಂಬ ಪಂಪು ಅದನ್ನು ಮತ್ತೆ ಕೆರೆಗೆ ತುಂಬುತ್ತದೆ. ಈ ಪಂಪಿಗೆ ಶಕ್ತಿ ಬೇಕು. ಕೋಶದ ಇಂಧನವಾದ ಎಟಿಪಿ ಒಂದು ಖರ್ಚಾದರೆ ಎರಡು ಕ್ಯಾಲ್ಸಿಯಂ ವಾಪಸ್.

ತೂಬು ಎತ್ತುವವರು ಯಾರು? ನಮ್ಮ ಬಿ.ಪಿ. ಮಾತ್ರೆ ಅಂಟಿಕೊಳ್ಳುವ ಆ ಪ್ರೋಟೀನು. ಅದರ ಈಗಿನ ಹೆಸರು ಸಿಎವಿ 1.1. ಎಳೆಯ ಹೊರಪೊರೆ ಅಲ್ಲಲ್ಲಿ ಸಣ್ಣ ಕೊಳವೆಗಳಾಗಿ ಒಳಗೆ ಇಳಿದಿರುತ್ತದೆ. ಈ ಕೊಳವೆಗಳ ಗೋಡೆಯಲ್ಲಿ ಸಿಎವಿ 1.1 ಕೂತಿರುತ್ತದೆ, ಆರ್‌ವೈಆರ್-1ಗೆ ಸರಿಯಾಗಿ ಎದುರುಬದುರು. ನಡುವಿನ ಅಂತರ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ನರದಿಂದ ವಿದ್ಯುತ್ ಸಂಕೇತ ಬಂದಾಗ ಸಿಎವಿ 1.1 ತನ್ನ ಆಕಾರ ಬದಲಿಸುತ್ತದೆ, ಆ ಅಲುಗಾಟವೇ ಎದುರಿನ ತೂಬನ್ನು ಎತ್ತುತ್ತದೆ. ಕ್ಯಾಲ್ಸಿಯಂ ಹಾದುಹೋಗಬೇಕಾದ ಅಗತ್ಯವೇ ಇಲ್ಲ.

ಇದು ಸುಮ್ನೆ ಊಹೆ ಅಲ್ಲ. 1972ರಲ್ಲಿ ಆರ್ಮ್‌ಸ್ಟ್ರಾಂಗ್, ಬೆಜಾನಿಲಾ, ಹೊರೊವಿಟ್ಜ್ ಎಂಬ ಮೂವರು ಕಪ್ಪೆಯ ಸ್ನಾಯು ಎಳೆಯ ಸುತ್ತಲಿನ ದ್ರವದಿಂದ ಕ್ಯಾಲ್ಸಿಯಂ ಅನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಹಾಕಿದರು. ಎಳೆ ಆಗಲೂ ಜಿಗಿಯುತ್ತಲೇ ಇತ್ತು. ಮರುವರ್ಷ ಶ್ನೈಡರ್ ಮತ್ತು ಚಾಂಡ್ಲರ್, ಸಂಕೇತ ಬಂದಾಗ ಪೊರೆಯೊಳಗೇ ವಿದ್ಯುದಂಶ ಕೂಡಿದ ಏನೋ ಒಂದು ಚೂರು ಸರಿದಾಡುವುದನ್ನು ಅಳೆದರು. 1988ರಲ್ಲಿ ಇನ್ನೂ ಗಟ್ಟಿಯಾದ ಪುರಾವೆ ಸಿಕ್ಕಿತು. ಹುಟ್ಟಿನಿಂದಲೇ ಸಿಎವಿ 1.1 ಇಲ್ಲದ ಇಲಿಮರಿಗಳ ಸ್ನಾಯು ಸ್ವಲ್ಪವೂ ಕುಗ್ಗುವುದಿಲ್ಲ. ಅವು ಉಸಿರಾಡಲಾಗದೆ ಸಾಯುತ್ತವೆ. ಆ ಸ್ನಾಯುಕೋಶಗಳಿಗೆ ಸಿಎವಿ 1.1ರ ಜೀನ್ ಪ್ರತಿಯನ್ನು ಸೇರಿಸಿದಾಗ ಅವು ಮತ್ತೆ ಕುಗ್ಗತೊಡಗಿದವು.

ನನಗೆ ತುಂಬ ಇಷ್ಟವಾದ ಸಾಕ್ಷಿ ಮಾತ್ರ ಮೀನಿನದು. ಜೀಬ್ರಾ ಮೀನು ಮತ್ತು ಅದರ ಹತ್ತಿರದ ಮೀನುಗಳಲ್ಲಿ ಸಿಎವಿ 1.1 ಮೂಲಕ ಕ್ಯಾಲ್ಸಿಯಂ ಹೋಗುವುದೇ ಇಲ್ಲ. ರಂಧ್ರ ಕೆಟ್ಟುಹೋಗಿದೆ. ಆದರೂ ಈಜುತ್ತವೆ, ಬೇಕಾದಷ್ಟು ಜೋರಾಗಿ. 2017ರಲ್ಲಿ ಪ್ರಯೋಗಾಲಯದಲ್ಲಿ ಇಲಿಗಳಲ್ಲೂ ಹೀಗೇ ರಂಧ್ರ ಮುಚ್ಚಿದ ಸಿಎವಿ 1.1 ಇಟ್ಟು ನೋಡಿದರು. ಇಲಿಗಳಿಗೆ ಯಾವ ತೊಂದರೆಯೂ ಕಾಣಲಿಲ್ಲ. ಕ್ಯಾಲ್ಸಿಯಂ ಚಾನೆಲ್ ಎಂದು ಹೆಸರಿದೆ, ಕ್ಯಾಲ್ಸಿಯಂ ಸಾಗಿಸುವ ಕೆಲಸದಿಂದ ಹೆಚ್ಚುಕಡಿಮೆ ನಿವೃತ್ತಿ ಪಡೆದಿದೆ.

ಅಮ್ಲೋಡಿಪಿನ್ ಕಟ್ಟುವುದು ರಂಧ್ರದ ದಾರಿಯನ್ನು. ಮಾಂಸಖಂಡಕ್ಕೆ ಆ ದಾರಿ ಬೇಕಾಗಿಯೇ ಇಲ್ಲ. ಜೊತೆಗೆ ಈ ಗುಂಪಿನ ಔಷಧ ಹೆಚ್ಚಾಗಿ ಅಂಟುವುದು ಪೊರೆಯ ವೋಲ್ಟೇಜ್ (ಕೋಶದ ಒಳಗೂ ಹೊರಗೂ ಇರುವ ವಿದ್ಯುತ್ ವ್ಯತ್ಯಾಸ) ತುಂಬ ಹೊತ್ತು ಇಳಿದಿರುವ ಕಡೆ. ರಕ್ತನಾಳದ ಸ್ನಾಯು ಹಾಗಿರುತ್ತದೆ, ಕಾಲಿನ ಸ್ನಾಯು ಹಾಗಿರುವುದಿಲ್ಲ. ಅದಕ್ಕೇ ಬಿ.ಪಿ. ಇಳಿಯುತ್ತದೆ, ಕಾಲಿನ ಬಲ ಇಳಿಯುವುದಿಲ್ಲ.

ಈಗ ಆ ತೂಬಿನ ಕಡೆ ಬರೋಣ. ಆರ್‌ವೈಆರ್-1 ದೈತ್ಯ. ನಾಲ್ಕು ತುಂಡು ಸೇರಿ ಒಂದು ಚಾನೆಲ್, ಒಂದೊಂದು ತುಂಡಿನಲ್ಲೂ ಸುಮಾರು 5,000 ಅಮೈನೊ ಆಮ್ಲಗಳು. ಗೊತ್ತಿರುವ ಅಯಾನ್ ಚಾನೆಲ್‌ಗಳಲ್ಲಿ ಇಷ್ಟು ದೊಡ್ಡದು ಇನ್ನೊಂದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದು ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಕ್ಲಾರಾ ಫ್ರಾನ್ಜಿನಿ-ಆರ್ಮ್‌ಸ್ಟ್ರಾಂಗ್ 1970ರಲ್ಲೇ ಈ ಚುಕ್ಕೆಗಳನ್ನು ನೋಡಿ ‘ಪಾದಗಳು’ ಎಂದು ಕರೆದಿದ್ದರು. ಅವು ಚಾನೆಲ್‌ಗಳು ಎಂದು ತಿಳಿಯಲು ಇನ್ನೂ ಹದಿನೈದು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ರಯನೊಡಿನ್ ಎಂಬುದು ಒಂದು ಗಿಡದ ವಿಷ. ಟ್ರಿನಿಡಾಡ್ ಮತ್ತು ದಕ್ಷಿಣ ಅಮೆರಿಕದ ಕಡೆ ಬೆಳೆಯುವ ರಯಾನಿಯಾ ಎಂಬ ಗಿಡದ ಕಾಂಡವನ್ನು ಪುಡಿ ಮಾಡಿ ಒಂದು ಕಾಲದಲ್ಲಿ ಕೀಟನಾಶಕವಾಗಿ ಬಳಸುತ್ತಿದ್ದರು. ಅದರಲ್ಲಿನ ರಯನೊಡಿನ್ ತೂಬಿಗೆ ಅಂಟಿಕೊಂಡು ಅರ್ಧ ತೆರೆದ ಸ್ಥಿತಿಯಲ್ಲೇ ಸಿಕ್ಕಿಸಿಬಿಡುತ್ತದೆ. ಮನುಷ್ಯರಿಗೂ ವಿಷವೇ, ಹಾಗಾಗಿ ಮೂಲೆಗೆ ಸೇರಿತು. ಆದರೆ ಅದೇ ಉಪಾಯ ಈಗ ನಮ್ಮ ಹೊಲಗಳಿಗೆ ಬಂದಿದೆ. ತೊಗರಿಯ ಕಾಯಿಕೊರಕಕ್ಕೆ, ಭತ್ತದ ಕಾಂಡಕೊರಕಕ್ಕೆ, ಮುಸುಕಿನ ಜೋಳದ ಸೈನಿಕ ಹುಳಕ್ಕೆ ರೈತರು ಕೊರಾಜೆನ್ ಹೊಡೆಯುತ್ತಾರಲ್ಲ, ಅದರಲ್ಲಿರುವ ಕ್ಲೋರಾಂಟ್ರಾನಿಲಿಪ್ರೋಲ್ ಹುಳದ ರಯನೊಡಿನ್ ರಿಸೆಪ್ಟರನ್ನು ತೆರೆದಿಡುತ್ತದೆ. ಹುಳದ ಸ್ನಾಯುವಿನ ಕೆರೆ ಬರಿದಾಗುತ್ತದೆ. ಔಷಧ ಹೊಡೆದ ಮೇಲೆ ಹುಳ ತಕ್ಷಣ ಸಾಯುವುದಿಲ್ಲ, ಗಿಡದ ಮೇಲೇ ಇರುತ್ತದೆ. ಹಾಗೆಂದು ಔಷಧ ಹಿಡಿಯಲಿಲ್ಲ ಎಂದುಕೊಳ್ಳಬಾರದು. ಸ್ವಲ್ಪ ಹೊತ್ತಿಗೇ ಅದು ಮೇಯುವುದನ್ನು ಬಿಟ್ಟಿರುತ್ತದೆ. ಸ್ನಾಯು ಬಳಲಿ, ಮುದುಡಿ, ಕೆಲವು ದಿನಗಳಲ್ಲಿ ಸಾಯುತ್ತದೆ. ನಮ್ಮ ರಿಸೆಪ್ಟರಿನ ರಚನೆ ಸ್ವಲ್ಪ ಬೇರೆ, ಅದಕ್ಕೆ ಈ ರಾಸಾಯನಿಕ ಅಷ್ಟಾಗಿ ಅಂಟುವುದಿಲ್ಲ. ಹಾಗೆಂದು ಮಾಸ್ಕ್, ಕೈಗವಸು ಇಲ್ಲದೆ ಹೊಡೆಯಿರಿ ಎಂದಲ್ಲ.

ಕೀಟಗಳೂ ಸುಮ್ಮನೆ ಕೂತಿಲ್ಲ. ಎಲೆಕೋಸು ತಿನ್ನುವ ಡೈಮಂಡ್‌ಬ್ಯಾಕ್ ಪತಂಗದಲ್ಲಿ ಈ ರಿಸೆಪ್ಟರಿನ 4946ನೇ ಜಾಗದ ಒಂದೇ ಒಂದು ಅಮೈನೊ ಆಮ್ಲ ಬದಲಾಗಿ, ಔಷಧ ನಾಟದಂತಾಗಿರುವುದು ಫಿಲಿಪೀನ್ಸ್ ಮತ್ತು ಥಾಯ್ಲೆಂಡಿನಲ್ಲಿ ಕಂಡುಬಂತು. ಐದು ಸಾವಿರದಲ್ಲಿ ಒಂದು ಬದಲಾದರೆ ಸಾಕು.

ಮನುಷ್ಯರಲ್ಲೂ ಹಾಗೆಯೇ. ಅಲ್ಲಿ ಕಥೆ ಶುರುವಾಗುವುದು ಒಂದು ಮುರಿದ ಕಾಲಿನಿಂದ.

ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ 21 ವರ್ಷದ ಒಬ್ಬ ವಿದ್ಯಾರ್ಥಿ ಕಾಲು ಮುರಿದುಕೊಂಡು ಆಸ್ಪತ್ರೆಗೆ ಬಂದ. ಅವನಿಗೆ ಕಾಲಿನದ್ದಕ್ಕಿಂತ ಅರಿವಳಿಕೆಯದ್ದೇ ಭಯ. ಯಾಕೆಂದರೆ ಅವನ ಬಂಧುಗಳಲ್ಲಿ ಹತ್ತು ಜನ ಈಥರ್ ಕೊಟ್ಟಾಗ ತೀರಿಕೊಂಡಿದ್ದರು. ಈಥರ್ ಬೇಡ ಎಂದು ವೈದ್ಯರು ಆಗ ಹೊಸದಾಗಿ ಬಂದಿದ್ದ ಹ್ಯಾಲೊಥೇನ್ ಕೊಟ್ಟರು. ಹತ್ತು ನಿಮಿಷದಲ್ಲೇ ಅವನ ನಾಡಿ ಓಡತೊಡಗಿತು, ಬಿ.ಪಿ. ಕುಸಿಯಿತು, ಮೈ ಕಾದು ಬೆವರಿತು. ತಕ್ಷಣ ನಿಲ್ಲಿಸಿ, ಮೈಗೆ ಐಸ್ ಇಟ್ಟರು. ಹುಡುಗ ಬದುಕಿದ. ಡೆನ್‌ಬರೊ ಮತ್ತು ಲೊವೆಲ್ 1960ರಲ್ಲಿ ಇದನ್ನು ಲ್ಯಾನ್ಸೆಟ್ ಪತ್ರಿಕೆಗೆ ಒಂದು ಪುಟ್ಟ ಪತ್ರವಾಗಿ ಬರೆದರು. ಕಾಯಿಲೆಗೆ ಮುಂದೆ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಎಂದು ಹೆಸರಾಯಿತು.

ಈ ಕಾಯಿಲೆ ಇರುವವರ ಆರ್‌ವೈಆರ್-1 ದಿನನಿತ್ಯದಲ್ಲಿ ಸರಿಯಾಗಿಯೇ ಇರುತ್ತದೆ. ಓಡಾಡುತ್ತಾರೆ, ಆಡುತ್ತಾರೆ, ಏನೂ ಗೊತ್ತಾಗುವುದಿಲ್ಲ. ಆದರೆ ಐಸೊಫ್ಲುರೇನ್, ಸೆವೊಫ್ಲುರೇನ್‌ನಂಥ ಅರಿವಳಿಕೆ ಅನಿಲವೋ, ಸಕ್ಸಿನೈಲ್‌ಕೋಲಿನ್ ಚುಚ್ಚುಮದ್ದೋ ಸಿಕ್ಕಿದರೆ ತೂಬು ತೆರೆದು ಹಾಗೇ ನಿಲ್ಲುತ್ತದೆ. ಮೈಯೆಲ್ಲ ಸ್ನಾಯು ಬಿಗಿಯುತ್ತದೆ. ಸರ್ಕಾ ಪಂಪು ಕ್ಯಾಲ್ಸಿಯಂ ಅನ್ನು ಹಿಂದಕ್ಕೆ ಎಳೆಯಲು ಒದ್ದಾಡಿ ಎಟಿಪಿ ಸುಡುತ್ತಲೇ ಇರುತ್ತದೆ. ಶಾಖ ಹುಟ್ಟುವುದು ಅದರಿಂದಲೇ. ಹೆಸರಿನಲ್ಲಿ ಜ್ವರದ ಮಾತಿದ್ದರೂ ಜ್ವರ ಸಾಮಾನ್ಯವಾಗಿ ಮೊದಲು ಕಾಣುವ ಲಕ್ಷಣವಲ್ಲ. ಮೊದಲು ಏರುವುದು ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್. ಕೆಲವರಿಗೆ ದವಡೆ ಕಚ್ಚಿಕೊಳ್ಳುತ್ತದೆ. ಆಮೇಲೆ ಸ್ನಾಯುಕೋಶ ಒಡೆದು ಪೊಟ್ಯಾಸಿಯಂ ರಕ್ತಕ್ಕೆ ಸೋರುತ್ತದೆ, ಹೃದಯ ತಾಳ ತಪ್ಪುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ.

ಇದರ ಮೂಲ ಪತ್ತೆಯಾದದ್ದು ಹಂದಿಗಳಿಂದ. ಕೊಬ್ಬು ಕಡಿಮೆ, ಮಾಂಸ ಜಾಸ್ತಿ ಇರುವ ತಳಿಗಳನ್ನೇ ಆರಿಸಿ ಬೆಳೆಸುತ್ತಾ ಹೋದಾಗ, ಲಾರಿಯಲ್ಲಿ ಸಾಗಿಸುವಾಗ ಅಥವಾ ಸೆಕೆಗೆ ದಿಢೀರನೆ ಸಾಯುವ ಹಂದಿಗಳು ಹೆಚ್ಚಾದವು. ಅವುಗಳ ಮಾಂಸ ಬಿಳಿಚಿ, ನೀರು ಬಿಡುತ್ತಿತ್ತು. ಹ್ಯಾಲೊಥೇನ್ ಕೊಟ್ಟರೆ ಸೆಟೆದುಕೊಳ್ಳುತ್ತಿದ್ದವು. 1991ರಲ್ಲಿ ಕೆನಡಾದ ಮ್ಯಾಕ್ಲೆನನ್ ತಂಡ ಕಾರಣ ಹಿಡಿಯಿತು: ಹಂದಿಯ ಆರ್‌ವೈಆರ್-1ರ 615ನೇ ಜಾಗದಲ್ಲಿ ಆರ್ಜಿನೈನ್ ಎಂಬ ಅಮೈನೊ ಆಮ್ಲ ಇರಬೇಕಾದಲ್ಲಿ ಸಿಸ್ಟೈನ್ ಎಂಬ ಇನ್ನೊಂದು. ಬೇರೆ ಬೇರೆ ತಳಿಗಳಲ್ಲೂ ಇದೇ ಬದಲಾವಣೆ. ದಪ್ಪ ಮಾಂಸಕ್ಕೆ ಆಸೆಪಟ್ಟ ಸಾಕಣೆದಾರರು ಗೊತ್ತಿಲ್ಲದೆ ಸೋರುವ ತೂಬನ್ನೇ ಆರಿಸಿ ಬೆಳೆಸಿದ್ದರು.

ಮದ್ದಿಗೂ ಹಂದಿಯೇ ದಾರಿ ತೋರಿತು. 1975ರಲ್ಲಿ ದಕ್ಷಿಣ ಆಫ್ರಿಕಾದ ಹ್ಯಾರಿಸನ್, ಸ್ನಾಯು ಸಡಿಲಿಸುವ ಡಾಂಟ್ರೊಲಿನ್ ಎಂಬ ಔಷಧ ಇಂಥ ಹಂದಿಗಳನ್ನು ಉಳಿಸುತ್ತದೆ ಎಂದು ತೋರಿಸಿದರು. ಅದು ಆರ್‌ವೈಆರ್-1ಗೆ ಅಂಟಿ ತೂಬು ಮುಚ್ಚಲು ನೆರವಾಗುತ್ತದೆ. ಮೊದಲೆಲ್ಲ ಹತ್ತರಲ್ಲಿ ಏಳೆಂಟು ಜನ ಸಾಯುತ್ತಿದ್ದರು. ಈ ಔಷಧ ಕೈಗೆ ಸಿಗುವ ಕಡೆಗಳಲ್ಲಿ ಈಗ ಹತ್ತರಲ್ಲಿ ಒಬ್ಬರೂ ಇಲ್ಲ.

‘ಕೈಗೆ ಸಿಗುವ’ ಎಂಬುದೇ ಇಲ್ಲಿ ದೊಡ್ಡ ಮಾತು. ಹಳೆಯ ಡಾಂಟ್ರೊಲಿನ್ ಕಿತ್ತಳೆ ಬಣ್ಣದ ಪುಡಿ, ಒಂದು ಬಾಟಲಿಗೆ 20 ಮಿಲಿಗ್ರಾಂ. ಪ್ರತಿ ಬಾಟಲಿಗೂ 60 ಮಿಲಿಲೀಟರ್ ನೀರು ಹಾಕಿ ಕುಲುಕಬೇಕು, ಬೇಗ ಕರಗುವುದೂ ಇಲ್ಲ. ಮೊದಲ ಡೋಸು ತೂಕದ ಕೆಜಿಗೆ 2.5 ಮಿಲಿಗ್ರಾಂ. 70 ಕೆಜಿಯ ರೋಗಿಗೆ ಒಂಬತ್ತು ಬಾಟಲಿ. ಆಪರೇಷನ್ ಥಿಯೇಟರಿನಲ್ಲಿ ರೋಗಿಯ ಮೈ ಕಾಯುತ್ತಿರುವಾಗ ಇಬ್ಬರು ಮೂವರು ಬಾಟಲಿ ಕುಲುಕುತ್ತಲೇ ನಿಂತಿರಬೇಕು. 250 ಮಿಲಿಗ್ರಾಂ ಪುಡಿ ಬರೀ 5 ಮಿಲಿಲೀಟರಿನಲ್ಲಿ ಕರಗುವ ಹೊಸ ರೂಪ ಅಮೆರಿಕದಲ್ಲಿ 2014ರಲ್ಲಿ ಬಂತು. ನಮ್ಮ ದೇಶದಲ್ಲಿ ಬಹುಕಾಲ ಹಳೆಯ ರೂಪವೇ ಸುಲಭವಾಗಿ ಸಿಗುತ್ತಿರಲಿಲ್ಲ ಎಂದು ಅರಿವಳಿಕೆ ತಜ್ಞರು ತಮ್ಮ ವರದಿಗಳಲ್ಲಿ ಮತ್ತೆ ಮತ್ತೆ ಬರೆದಿದ್ದಾರೆ. ಹಾಗಾಗಿ ಆಪರೇಷನ್‌ಗೆ ಮುಂಚೆ ‘ಮನೆಯಲ್ಲಿ ಯಾರಿಗಾದರೂ ಅರಿವಳಿಕೆ ಕೊಟ್ಟಾಗ ತೊಂದರೆ ಆಗಿತ್ತಾ?’ ಎಂದು ಕೇಳಿದಾಗ ಸುಮ್ನೆ ‘ಇಲ್ಲ’ ಅಂದುಬಿಡಬೇಡಿ. ದೊಡ್ಡಪ್ಪನ ಮಗನೋ ಸೋದರಮಾವನೋ ಚಿಕ್ಕ ಆಪರೇಷನ್ನಿನಲ್ಲಿ ಕಾರಣ ತಿಳಿಯದೆ ತೀರಿಕೊಂಡಿದ್ದರೆ ಹೇಳಿ. ಇದು ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಲ್ಲಿ ಅರ್ಧ ಜನಕ್ಕೆ ಬರುವ ಸಾಧ್ಯತೆ ಇದೆ. ಗೊತ್ತಿದ್ದರೆ ದಾರಿ ಸುಲಭ. ಬೆನ್ನಿಗೆ ಕೊಡುವ ಸ್ಪೈನಲ್, ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್ ಇಂಥವರಿಗೆ ಸುರಕ್ಷಿತ.

ಇದೇ ಆರ್‌ವೈಆರ್-1 ಜೀನಿನ ಬೇರೆ ಬದಲಾವಣೆಗಳು ಇನ್ನೊಂದು ದಾರಿ ಹಿಡಿಯುತ್ತವೆ. ಕೆಲವರಲ್ಲಿ ತೂಬು ಸದಾ ಸೋರುತ್ತಾ ಕೆರೆಯೇ ತುಂಬುವುದಿಲ್ಲ, ಕೆಲವರಲ್ಲಿ ಎತ್ತಿದರೂ ಸರಿಯಾಗಿ ಏಳುವುದಿಲ್ಲ. ಮಗು ಹುಟ್ಟಿನಿಂದಲೇ ಸಡಿಲವಾಗಿರುತ್ತದೆ, ನಡೆಯುವುದು ತಡ. ಸ್ನಾಯುವಿನ ಚೂರು ತೆಗೆದು ಬಣ್ಣ ಹಾಕಿ ನೋಡಿದರೆ ಎಳೆಯ ನಡುವೆ ಮೈಟೊಕಾಂಡ್ರಿಯಾ (ಕೋಶಕ್ಕೆ ಶಕ್ತಿ ತಯಾರಿಸುವ ಭಾಗ) ಇಲ್ಲದ ಖಾಲಿ ತಿರುಳು ಕಾಣುತ್ತದೆ. ಸೆಂಟ್ರಲ್ ಕೋರ್ ಡಿಸೀಸ್ ಎಂದು ಇದನ್ನು ಕರೆಯುವುದು ಅದಕ್ಕೇ. ಇವರಲ್ಲಿ ಹಲವರಿಗೆ ಅರಿವಳಿಕೆಯ ಅಪಾಯವೂ ಇರುತ್ತದೆ.

ಹೊರಪೊರೆಯಲ್ಲಿ ಒರಾಯ್-1 ಎಂಬ ಇನ್ನೊಂದು ಚಾನೆಲ್ ಇದೆ. ಕೆರೆ ಬರಿದಾಗಿದೆ ಎಂದು ಸ್ಟಿಮ್-1 ಎಂಬ ಪ್ರೋಟೀನು ಸುದ್ದಿ ಮುಟ್ಟಿಸಿದಾಗ ಅದು ಹೊರಗಿನಿಂದ ಕ್ಯಾಲ್ಸಿಯಂ ತರುತ್ತದೆ. ಇವು ಕೆಲಸ ಮಾಡದಿದ್ದರೆ ಮಗುವಿಗೆ ಸ್ನಾಯುವಿನ ಬಲವೂ ಇಲ್ಲ, ರೋಗನಿರೋಧಕ ಶಕ್ತಿಯೂ ಇಲ್ಲ. ಅತಿಯಾಗಿ ಕೆಲಸ ಮಾಡಿದರೆ ಅದೂ ಒಂದು ಕಾಯಿಲೆ. ಗಂಡುಮಕ್ಕಳಿಗೆ ಬರುವ ಡುಷೆನ್ ಮಸ್ಕ್ಯುಲರ್ ಡಿಸ್ಟ್ರೊಫಿಯಲ್ಲಿ ಮೂಲ ದೋಷ ಡಿಸ್ಟ್ರೊಫಿನ್ ಎಂಬ ಪ್ರೋಟೀನಿನದು, ಚಾನೆಲ್ಲಿನದಲ್ಲ. ಆದರೆ ಅದಿಲ್ಲದೆ ಪೊರೆ ದುರ್ಬಲವಾಗಿ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಪ್ರೋಟೀನು ಕತ್ತರಿಸುವ ಕಿಣ್ವಗಳು ಎಚ್ಚರಗೊಂಡು ಸ್ನಾಯುವನ್ನೇ ತಿನ್ನುತ್ತವೆ.

ಇನ್ನು ನಮ್ಮ ಕಡೆ ಆಸ್ಪತ್ರೆಗಳಲ್ಲಿ ಕಾಣಸಿಗುವ ಒಂದು ಕಾಯಿಲೆ ಉಳಿದಿದೆ. ಹದಿವಯಸ್ಸಿನ ಹುಡುಗ. ಹಿಂದಿನ ದಿನ ಮದುವೆ ಮನೆಯಲ್ಲಿ ಓಡಾಡಿ ದಣಿದು, ರಾತ್ರಿ ಅನ್ನ, ಹೋಳಿಗೆ, ಪಾಯಸ ಚೆನ್ನಾಗಿ ಉಂಡು ಮಲಗುತ್ತಾನೆ. ಬೆಳಗ್ಗೆ ಎದ್ದರೆ ಕೈಕಾಲು ಎತ್ತಲಾಗುವುದಿಲ್ಲ. ಪ್ರಜ್ಞೆ ಇದೆ, ಮಾತು ಇದೆ, ಸ್ಪರ್ಶ ತಿಳಿಯುತ್ತದೆ. ಮನೆಯವರು ಲಕ್ವ ಹೊಡೆಯಿತು ಎಂದು ಗಾಬರಿಯಾಗುತ್ತಾರೆ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಇರಬೇಕಾದ ಕೆಳಮಿತಿ 3.5ಕ್ಕಿಂತ ಎಷ್ಟೋ ಕೆಳಗೆ. ಇದು ಹೈಪೊಕೆಲೆಮಿಕ್ ಪೀರಿಯಾಡಿಕ್ ಪ್ಯಾರಾಲಿಸಿಸ್. ಥೈರಾಯ್ಡ್ ಜಾಸ್ತಿಯಾದರೂ, ಕಿಡ್ನಿಯ ಕೆಲವು ತೊಂದರೆಗಳಲ್ಲೂ ಇದೇ ಚಿತ್ರ ಕಾಣುತ್ತದೆ. ಅವನ್ನು ಮೊದಲು ನೋಡಲೇಬೇಕು. ವಂಶದಲ್ಲಿ ಬರುವ ಬಗೆಯಲ್ಲಿ ಮಾತ್ರ ಹೆಚ್ಚಿನವರ ದೋಷ ಇರುವುದು ನಮ್ಮ ಸಿಎವಿ 1.1ರಲ್ಲಿ. 1994ರಲ್ಲಿ ಇದು ಪತ್ತೆಯಾಯಿತು.

ಕ್ಯಾಲ್ಸಿಯಂ ಚಾನೆಲ್ಲಿನ ದೋಷಕ್ಕೂ ಪೊಟ್ಯಾಸಿಯಮ್ಮಿಗೂ ಏನು ಸಂಬಂಧ? ವರ್ಷಗಟ್ಟಲೆ ಇದು ಒಗಟಾಗಿತ್ತು. ಸಿಎವಿ 1.1ರಲ್ಲಿ ವೋಲ್ಟೇಜನ್ನು ಅರಿಯುವ ತುಂಡಿನ ಮೇಲೆ ಧನ ವಿದ್ಯುದಂಶದ ಆರ್ಜಿನೈನ್‌ಗಳು ಸಾಲಾಗಿವೆ. ಈ ರೋಗಿಗಳಲ್ಲಿ ಆ ಸಾಲಿನ ಒಂದು ಆರ್ಜಿನೈನ್ ಬದಲಾಗಿರುತ್ತದೆ. ಅದು ಇದ್ದ ಜಾಗದಲ್ಲಿ ಒಂದು ಸಣ್ಣ ಸಂದು ಬೀಳುತ್ತದೆ. ಮುಖ್ಯ ರಂಧ್ರದಲ್ಲಲ್ಲ, ಪಕ್ಕದಲ್ಲಿ. ಅದರ ಮೂಲಕ ಸೋಡಿಯಮ್ಮೋ ಪ್ರೋಟಾನೋ ಸ್ವಲ್ಪ ಸ್ವಲ್ಪ ಒಳಗೆ ಜಿನುಗುತ್ತದೆ. ಕ್ಯಾಲ್ಸಿಯಂ ಅಲ್ಲ! ಪೊಟ್ಯಾಸಿಯಂ ಸರಿಯಾಗಿರುವವರೆಗೆ ಪೊರೆ ಇದನ್ನು ತಾಳಿಕೊಳ್ಳುತ್ತದೆ. ಅನ್ನ, ಸಿಹಿ ಜಾಸ್ತಿ ತಿಂದಾಗ ಇನ್ಸುಲಿನ್ ಏರಿ ರಕ್ತದ ಪೊಟ್ಯಾಸಿಯಂ ಅನ್ನು ಕೋಶಗಳೊಳಗೆ ತಳ್ಳುತ್ತದೆ. ಆಗ ಪೊರೆಯ ವೋಲ್ಟೇಜ್ ಇಳಿದುಹೋಗುತ್ತದೆ, ಸಂಕೇತವನ್ನು ಸಾಗಿಸುವ ಸೋಡಿಯಂ ಚಾನೆಲ್‌ಗಳು ಮಂಕಾಗುತ್ತವೆ, ನರದ ಸಂಕೇತ ಸ್ನಾಯುವಿನ ಒಳಗೆ ಹರಡುವುದೇ ಇಲ್ಲ. ಕೆರೆ ತುಂಬಿದೆ, ತೂಬು ಚೆನ್ನಾಗಿದೆ, ಎತ್ತು ಎಂದು ಹೇಳುವವರೇ ಇಲ್ಲ.

ಇಲ್ಲಿ ಒಂದು ಮಾತು ಗಮನಿಸಬೇಕು. ಸುಸ್ತು ಎಂದ ಕೂಡಲೇ ‘ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸೋಣ’ ಎನ್ನುವುದು ನಮ್ಮಲ್ಲಿ ರೂಢಿ. ಈ ಹುಡುಗನಿಗೆ ಗ್ಲೂಕೋಸ್ ಡ್ರಿಪ್ ಕೊಟ್ಟರೆ ಇನ್ಸುಲಿನ್ ಇನ್ನೂ ಏರಿ, ಪೊಟ್ಯಾಸಿಯಂ ಇನ್ನೂ ಇಳಿದು, ಬಲಹೀನತೆ ಇನ್ನೂ ಹೆಚ್ಚುತ್ತದೆ. ಬೇಕಾಗಿರುವುದು ಪೊಟ್ಯಾಸಿಯಂ, ಅದೂ ನುಂಗಲು ಆಗುವುದಾದರೆ ಬಾಯಿಯ ಮೂಲಕ, ಇಸಿಜಿ ನೋಡಿಕೊಂಡು, ವೈದ್ಯರ ಕಣ್ಣೆದುರೇ. ಎಳನೀರಿನಲ್ಲಿ ಪೊಟ್ಯಾಸಿಯಂ ಇದೆ ನಿಜ, ಆದರೆ ಅದನ್ನೇ ನೆಚ್ಚಿಕೊಂಡು ಮನೆಯಲ್ಲಿ ಕೂರುವ ಹೊತ್ತು ಇದಲ್ಲ.

ಮುಂದೆ ಜೀನ್ ಪರೀಕ್ಷೆಯ ವರದಿ ಬಂದಾಗ ಅದರಲ್ಲಿ ‘ಕ್ಯಾಲ್ಸಿಯಂ ಚಾನೆಲ್ ಜೀನ್’ ಎಂದು ಇರುತ್ತದೆ. ಅದನ್ನು ಓದಿ ಮೆಡಿಕಲ್ ಶಾಪಿನಿಂದ ಕ್ಯಾಲ್ಸಿಯಂ ಮಾತ್ರೆ ತಂದು ಕೊಟ್ಟರೆ ಉಪಯೋಗವಿಲ್ಲ. ರಕ್ತದ ಕ್ಯಾಲ್ಸಿಯಂ ಈ ಕಾಯಿಲೆಯಲ್ಲಿ ಸರಿಯಾಗಿಯೇ ಇರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ನಿಜಕ್ಕೂ ಕಡಿಮೆಯಾದರೆ ಆಗುವುದು ಇದರ ತಿರುಗುಮುರುಗು: ನರಗಳು ತಾವಾಗೇ ಕೆರಳಿ ಕೈಬೆರಳು ಸೆಟೆದುಕೊಳ್ಳುತ್ತವೆ, ಬಿ.ಪಿ. ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು ಮೂರು ನಿಮಿಷ ಇಟ್ಟರೆ ಸಾಕು, ಮಣಿಕಟ್ಟು ಮಡಚಿಕೊಳ್ಳುತ್ತದೆ. ಪೀರಿಯಾಡಿಕ್ ಪ್ಯಾರಾಲಿಸಿಸ್ ಇರುವವರು ಕಲಿಯಬೇಕಾದದ್ದು ಬೇರೆ: ರಾತ್ರಿ ಊಟದಲ್ಲಿ ಅನ್ನ ಮತ್ತು ಸಿಹಿ ಹಿತಮಿತ, ಉಪ್ಪು ಕಡಿಮೆ, ವಿಪರೀತ ದಣಿದು ತಕ್ಷಣ ಮಲಗುವುದು ಬೇಡ. ಪದೇ ಪದೇ ಬರುವವರಿಗೆ ಅಸಿಟಜೋಲಮೈಡ್ ಎಂಬ ಮಾತ್ರೆ ಕೊಡುತ್ತಾರೆ, ಅದು ಹಲವರಿಗೆ ಹಿಡಿಯುತ್ತದೆ, ಎಲ್ಲರಿಗೂ ಅಲ್ಲ.